ಇ-ಮೇಲ್ ಅಂಚೆಮನೆಯಲ್ಲಿ ವಿಳಾಸ ತಿದ್ದುವ ಕೆಲಸ

ಕಲಾವಿಭಾಗದ ವಿದ್ಯಾರ್ಥಿಯೊಬ್ಬನು ಯಂತ್ರದ ವಿಷಯವಾಗಿ ಬರೆಯಹೊರಟರೆ ಓದುವವರಿಗೆ ಸ್ವಲ್ಪ ಸಂಶಯ ಬರುವುದು ಸಹಜವೇ. ಇತಿಹಾಸವನ್ನೂ ಅರ್ಥಶಾಸ್ತ್ರವನ್ನೂ ಓದುತ್ತಿರುವ ನನಗೆ ಎರಡು ವರ್ಷಗಳ ಹಿಂದೆ ಇದರ ಗಂಧವೂ ಇರಲಿಲ್ಲ. ವಿದ್ಯಾರ್ಥಿಗಳಿಗೆ ಧನಸಹಾಯ ಕೊಡುವ ಒಂದು ಸಂಸ್ಥೆಯಲ್ಲಿ ಸಂಜೆಯ ಹೊತ್ತು ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದೆ. ಅಲ್ಲಿನ ಇ-ಮೇಲ್ ಸರ್ವರನ್ನು ನೋಡಿಕೊಳ್ಳುತ್ತಿದ್ದವರು ಬೇರೆ ಊರಿಗೆ ಹೊರಟುಹೋದರು. ಉಳಿದವರಲ್ಲಿ ಇಂಗ್ಲಿಷ್ ಕೈಪಿಡಿಯನ್ನು ಕುಳಿತು ಓದುವಷ್ಟು ಬಿಡುವಿದ್ದವನು ನಾನೊಬ್ಬನೇ ಆದುದರಿಂದ ಆ ಹೊಣೆ ನನ್ನ ತಲೆಯ ಮೇಲೆ ಬಂತು. ದೊಡ್ಡ ಕಂಪನಿಗಳ ಅಂಚೆಯನ್ನೇ ಬಾಡಿಗೆಗೆ ಪಡೆಯುವುದು ಇಂದಿನ ರೂಢಿ. ನಮ್ಮ ಸಂಸ್ಥೆಯವರು ಮಾತ್ರ ಹಿಂದಿನಿಂದಲೂ ಸ್ವಂತ ಸರ್ವರನ್ನೇ ಇಟ್ಟುಕೊಂಡು ಬಂದಿದ್ದಾರೆ. ಅಲ್ಲಿ ನಾನು ಕಲಿತುದನ್ನೂ, ಮಾಡಿದ ಒಂದು ತಪ್ಪನ್ನೂ ಇಲ್ಲಿ ಹೇಳಬೇಕೆಂದಿದ್ದೇನೆ. ತಪ್ಪಿನ ವಿಷಯ ಮುಂದೆ ಬರುತ್ತದೆ. ಮೊದಲು ಅಂಚೆಯ ವಿಷಯ.

ನಮ್ಮ ಹಳ್ಳಿಗೆ ಬರುವ ಕಾಗದಗಳಲ್ಲಿ ವಿಳಾಸ ಸರಿಯಾಗಿರುವುದು ಅಪರೂಪ. ಕೆಲವದರ ಮೇಲೆ ಪಕ್ಕದ ಊರಿನ ಹೆಸರಿರುತ್ತದೆ, ಕೆಲವದರ ಮೇಲೆ ತೀರಿಕೊಂಡ ಅಜ್ಜನ ಹೆಸರಿರುತ್ತದೆ. ಅಂಚೆಯವರು ಅದನ್ನು ನೋಡಿ, ಒಂದು ಗಳಿಗೆ ಯೋಚಿಸಿ, ಹಳೆಯ ವಿಳಾಸಕ್ಕೆ ಗೆರೆ ಎಳೆದು ಪಕ್ಕದಲ್ಲಿ ಸರಿಯಾದುದನ್ನು ಬರೆದು ಮುಂದಕ್ಕೆ ಕಳುಹಿಸುತ್ತಾರೆ. ಎಷ್ಟೇ ತಿದ್ದಿದರೂ ಅವರ ಕೈ ಲಕೋಟೆಯ ಹೊರಮೈ ದಾಟುವುದಿಲ್ಲ. ಒಳಗಿನ ಕಾಗದದ ಎಡತುದಿಯಲ್ಲಿ ನಾವು ಶಾಲೆಯಲ್ಲಿ ಕಲಿತಂತೆ ಬರೆದಿರುವ ‘ಇಂದ’, ‘ಗೆ’ ಎಂಬ ಎರಡು ವಿಳಾಸಗಳು ಹೇಗಿದ್ದುವೋ ಹಾಗೆಯೇ ಇರುತ್ತವೆ. ಕಾಗದವನ್ನು ಮುಟ್ಟಿಸುವವರಿಗೆ ಲಕೋಟೆ ಸಾಕು. ಒಳಗಿನದು ಓದುವವರಿಗೆ ಸೇರಿದ್ದು.

ಇ-ಮೇಲಿನಲ್ಲಿಯೂ ವ್ಯವಸ್ಥೆ ಇದೇ ಬಗೆಯದು ಎಂದರೆ ಅನೇಕರಿಗೆ ಆಶ್ಚರ್ಯವಾಗುತ್ತದೆ. ಏಕೆಂದರೆ ನಮ್ಮ ಫೋನಿನ ಪರದೆಯ ಮೇಲೆ ಕಾಣುವುದು ಒಳಗಿನ ಕಾಗದ ಮಾತ್ರ. ಲಕೋಟೆಯನ್ನು ಸರ್ವರುಗಳು ದಾರಿಯಲ್ಲಿಯೇ ಬಳಸಿ, ತಲಪಿದ ಮೇಲೆ ಎಸೆದುಬಿಡುತ್ತವೆ. ಒಂದು ಸರ್ವರು ಇನ್ನೊಂದರ ಬಾಗಿಲಿಗೆ ಬಂದಾಗ ಅವೆರಡರ ನಡುವೆ ನಡೆಯುವ ಮಾತುಕತೆಗೆ ಎಸ್‌ಎಂಟಿಪಿ ಎಂಬ ನಿಯಮಾವಳಿ ಇದೆ. ಇದನ್ನು 1982ರ ಆಗಸ್ಟಿನಲ್ಲಿ ಅಮೆರಿಕದ ಜಾನ್ ಪೋಸ್ಟೆಲ್ ಎಂಬವರು ಬರೆದು ಪ್ರಕಟಿಸಿದರು. (ಅಂಚೆಯ ನಿಯಮ ಬರೆದವರ ಹೆಸರೂ ಪೋಸ್ಟೆಲ್ ಆಗಿದ್ದುದು ಕಾಕತಾಳೀಯವಷ್ಟೆ!) ಬಂದ ಸರ್ವರು ಮೊದಲು ನಮಸ್ಕಾರ ಹೇಳುತ್ತದೆ. ಆಮೇಲೆ ‘ಇಂಥವರಿಂದ ಬಂದ ಪತ್ರ’ ಎನ್ನುತ್ತದೆ. ಆಮೇಲೆ ‘ಇಂಥವರಿಗೆ ಸೇರಬೇಕು’ ಎನ್ನುತ್ತದೆ. ಹತ್ತು ಜನರಿಗಾದರೆ ಹತ್ತು ಸಲ ಹೇಳುತ್ತದೆ. ಇಷ್ಟೇ ಲಕೋಟೆ. ಇದಕ್ಕೆ ಒಪ್ಪಿಗೆ ಸಿಕ್ಕಿದ ಮೇಲೆ ಪತ್ರವನ್ನು ಒಪ್ಪಿಸುತ್ತದೆ; ಒಂದು ಸಾಲಿನಲ್ಲಿ ಬರಿಯ ಒಂದು ಚುಕ್ಕೆ ಇಟ್ಟರೆ ಪತ್ರ ಮುಗಿಯಿತು ಎಂದರ್ಥ. ನಾವು ಪರದೆಯ ಮೇಲೆ ಕಾಣುವ ‘ಇಂದ’, ‘ಗೆ’ ಎಂಬ ತಲೆಬರಹಗಳು ಆ ಪತ್ರದೊಳಗೇ ಇರುವಂಥವು. ಲಕೋಟೆಯಲ್ಲಿ ಒಂದು ಹೆಸರು, ಕಾಗದದಲ್ಲಿ ಇನ್ನೊಂದು ಹೆಸರು ಇರಲು ಏನೂ ಅಡ್ಡಿಯಿಲ್ಲ. ಗುಪ್ತವಾಗಿ ಮೂರನೆಯವರಿಗೆ ಪ್ರತಿ ಕಳುಹಿಸುವುದು ಸಾಧ್ಯವಾಗಿರುವುದು ಇದರಿಂದಲೇ: ಅವರ ಹೆಸರು ಲಕೋಟೆಯ ಮೇಲೆ ಮಾತ್ರ ಇರುತ್ತದೆ. ಬೇರೆಯವರ ಹೆಸರಿನಲ್ಲಿ ಮೋಸದ ಪತ್ರ ಬರುವುದೂ ಇದರಿಂದಲೇ ಎಂಬುದನ್ನು ಮರೆಯಬಾರದು.

ಬಾಗಿಲಿನಲ್ಲಿ ನಿಂತ ಸರ್ವರು ಪ್ರತಿಯೊಂದು ಮಾತಿಗೂ ಮೂರಂಕಿಯ ಸಂಖ್ಯೆಯಿಂದ ಉತ್ತರ ಕೊಡುತ್ತದೆ. 2ರಿಂದ ಆರಂಭವಾದರೆ ಒಪ್ಪಿಗೆ. 4ರಿಂದ ಆರಂಭವಾದರೆ ‘ಈಗ ಆಗದು, ಆಮೇಲೆ ಬಾ’. 5ರಿಂದ ಆರಂಭವಾದರೆ ‘ಆಗುವುದೇ ಇಲ್ಲ’. ಅಂಥವರು ಇಲ್ಲಿ ಇಲ್ಲ ಎನ್ನಲು 550 ಎನ್ನುತ್ತದೆ. ಚುಕ್ಕೆಯ ಮುಂದೆ ಹೇಳುವ 250 ಮಾತ್ರ ಬರಿಯ ಮರ್ಯಾದೆಯ ಮಾತಲ್ಲ. ಅದನ್ನು ಹೇಳಿದ ಕ್ಷಣದಿಂದ ಪತ್ರದ ಹೊಣೆ ಹೇಳಿದವನದು. ಆ ಮಾತನ್ನು ಕೇಳಿದ ಕೂಡಲೇ ಕಳುಹಿಸಿದ ಸರ್ವರು ತನ್ನ ಬಳಿಯಿದ್ದ ಪ್ರತಿಯನ್ನು ಅಳಿಸಿಹಾಕುತ್ತದೆ. ಆದುದರಿಂದ ಈಗ ಆ ಪತ್ರಕ್ಕೆ ಜಗತ್ತಿನಲ್ಲಿ ಇರುವುದು ಒಂದೇ ಪ್ರತಿ, ಒಬ್ಬನೇ ಹೊಣೆಗಾರ. ಅವನು ಅದನ್ನು ಮುಟ್ಟಿಸಬೇಕು, ಇಲ್ಲವೆ ಮುಟ್ಟಿಸಲಾಗಲಿಲ್ಲವೆಂದು ಬರೆದವರಿಗೆ ತಿಳಿಸಬೇಕು. ಯಂತ್ರ ಕೆಟ್ಟಿತು ಎಂಬಂಥ ಹಗುರ ಕಾರಣಕ್ಕೆ ಪತ್ರವನ್ನು ಕಳೆಯಕೂಡದೆಂದು, 2008ರಲ್ಲಿ ಪರಿಷ್ಕೃತವಾದ ನಿಯಮಾವಳಿಯೂ ಹೇಳುತ್ತದೆ. ಒಳ್ಳೆಯ ಸರ್ವರುಗಳು ಪತ್ರವನ್ನು ಡಿಸ್ಕಿನ ಮೇಲೆ ಗಟ್ಟಿಯಾಗಿ ಬರೆದ ಮೇಲೆಯೇ 250 ಎನ್ನುತ್ತವೆ.

ಈ ಎರಡು ವಿಷಯಗಳು, ಎಂದರೆ ಲಕೋಟೆ ಬೇರೆ ಕಾಗದ ಬೇರೆ ಎಂಬುದು ಮತ್ತು 250 ಎಂಬ ಮಾತಿನ ತೂಕ, ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸುಲಭ. ನನ್ನ ಮನಸ್ಸಿನಲ್ಲಿ ಎರಡನೆಯದು ಇರಲಿಲ್ಲ.

ವಿಳಾಸವನ್ನು ಸರ್ವರು ಏಕೆ ತಿದ್ದಬೇಕು ಎಂದು ಯಾರಾದರೂ ಕೇಳಬಹುದು. ಇದಕ್ಕೆ ಉತ್ತರ ಇತಿಹಾಸದಲ್ಲಿದೆ. 1971ರಲ್ಲಿ ರೇ ಟಾಮ್ಲಿನ್ಸನ್ ಎಂಬವರು ಅಮೆರಿಕದ ಆರ್ಪಾನೆಟ್ ಎಂಬ ಜಾಲದಲ್ಲಿ, ಒಂದು ಯಂತ್ರದಿಂದ ಇನ್ನೊಂದಕ್ಕೆ ಪತ್ರ ಕಳುಹಿಸುವಾಗ ವ್ಯಕ್ತಿಯ ಹೆಸರಿಗೂ ಯಂತ್ರದ ಹೆಸರಿಗೂ ನಡುವೆ @ ಚಿಹ್ನೆಯನ್ನು ಇಟ್ಟರು. ಇಂದು ಎಲ್ಲರಿಗೂ ಇದೊಂದೇ ಪದ್ಧತಿ ಗೊತ್ತು. ಆದರೆ ಆಗ ಜಾಲಗಳು ಹಲವು ಇದ್ದುವು. ವಿಳಾಸ ಬರೆಯುವ ಕ್ರಮವೂ ಹಲವು. ಯುಯುಸಿಪಿ ಎಂಬ ಜಾಲದಲ್ಲಿ ವಿಳಾಸವೆಂದರೆ ದಾರಿಯೇ: ಈ ಯಂತ್ರ, ಅಲ್ಲಿಂದ ಆ ಯಂತ್ರ, ಅಲ್ಲಿಂದ ಮತ್ತೊಂದು, ಕೊನೆಗೆ ವ್ಯಕ್ತಿ ಎಂದು ಉದ್ಗಾರಚಿಹ್ನೆಗಳಿಂದ ಪೋಣಿಸಿ ಬರೆಯಬೇಕಾಗಿತ್ತು. ‘ತುಮಕೂರಿನಲ್ಲಿ ಇಳಿದು, ತಿಪಟೂರಿನ ಬಸ್ಸು ಹಿಡಿದು, ಆಲದ ಮರದ ಹತ್ತಿರ ಕೇಳಿ’ ಎಂದು ನೆಂಟರಿಗೆ ಹೇಳಿದಂತೆ. ಒಂದು ಜಾಲದ ಪತ್ರ ಇನ್ನೊಂದಕ್ಕೆ ದಾಟಬೇಕಾದರೆ ಗಡಿಯಲ್ಲಿ ಯಾರಾದರೂ ವಿಳಾಸವನ್ನು ಬೇರೆ ರೂಪಕ್ಕೆ ತಿರುಗಿಸಬೇಕು. ಬರ್ಕ್‌ಲಿ ವಿಶ್ವವಿದ್ಯಾನಿಲಯದಲ್ಲಿ ಎರಿಕ್ ಆಲ್‌ಮನ್ ರಚಿಸಿದ ಸೆಂಡ್‌ಮೇಲ್ ಎಂಬ ತಂತ್ರಾಂಶ ಈ ಕೆಲಸಕ್ಕಾಗಿಯೇ ಹುಟ್ಟಿತೆನ್ನಬಹುದು. 1983ರಲ್ಲಿ ಅದು ಬರ್ಕ್‌ಲಿ ಯುನಿಕ್ಸಿನ ಜೊತೆಯಲ್ಲಿ ಹೊರಬಂದಿತು. ಅದರ ಸಂರಚನೆಯ ಕಡತವೆಂದರೆ ವಿಳಾಸ ತಿದ್ದುವ ಸೂತ್ರಗಳ ಒಂದು ಕಾಡು. ಅದರ ಒಂದು ಪುಟವನ್ನು ನಾನು ನೋಡಿದ್ದೇನೆ; ಪಾಣಿನಿಯ ಸೂತ್ರಗಳಿಗಾದರೂ ವ್ಯಾಖ್ಯಾನಕಾರರು ಸಿಕ್ಕಿದ್ದಾರೆ ಎನಿಸಿತು.

1986ರ ಜನವರಿಯಲ್ಲಿ ಕ್ರೇಗ್ ಪಾರ್ಟ್ರಿಜ್ ಎಂಬವರು ಎಂಎಕ್ಸ್ ದಾಖಲೆಗಳ ಬಳಕೆಯನ್ನು ವಿವರಿಸಿ ನಿಯಮ ಬರೆದ ಮೇಲೆ ದಾರಿಯ ಚಿಂತೆ ಕಡಮೆಯಾಯಿತು. ಒಂದು ಡೊಮೈನಿಗೆ ಬರುವ ಪತ್ರಗಳನ್ನು ಯಾವ ಸರ್ವರು ಸ್ವೀಕರಿಸುತ್ತದೆ ಎಂಬುದನ್ನು ಹೆಸರುಗಳ ಸಾರ್ವಜನಿಕ ದಫ್ತರದಲ್ಲಿಯೇ ಬರೆದಿಡುವ ಏರ್ಪಾಡು ಇದು. ಇಂದು ಜಾಲಗಳು ಒಂದಾಗಿವೆ, ರೂಪವೂ ಒಂದಾಗಿದೆ. ಆದರೂ ತಿದ್ದುವ ಕೆಲಸ ಉಳಿದಿದೆ. ಕಾರಣಗಳು ಈಗ ಮನುಷ್ಯರವು: ಸಂಸ್ಥೆ ಹೆಸರು ಬದಲಾಯಿಸುತ್ತದೆ, ಗುಮಾಸ್ತರು ನಿವೃತ್ತರಾಗುತ್ತಾರೆ, ಕಾರ್ಯದರ್ಶಿ ಎಂಬ ಒಂದೇ ವಿಳಾಸಕ್ಕೆ ವರ್ಷಕ್ಕೊಬ್ಬರು ಬರುತ್ತಾರೆ.

ನಮ್ಮ ಸಂಸ್ಥೆಯಲ್ಲಿರುವುದು ಪೋಸ್ಟ್‌ಫಿಕ್ಸ್ ಎಂಬ ತಂತ್ರಾಂಶ. ಡಚ್ ವಿಜ್ಞಾನಿ ವೀಟ್ಸ ವೆನೆಮಾ ಅವರು ಐಬಿಎಂ ಸಂಶೋಧನಾಲಯದಲ್ಲಿದ್ದಾಗ ರಚಿಸಿ 1998ರಲ್ಲಿ ಬಿಡುಗಡೆ ಮಾಡಿದ್ದು. ಸೆಂಡ್‌ಮೇಲಿನಲ್ಲಿ ಒಬ್ಬನೇ ಎಲ್ಲ ಕೆಲಸವನ್ನೂ ಮಾಡುತ್ತಿದ್ದ. 1988ರ ನವೆಂಬರಿನಲ್ಲಿ ಜಾಲವನ್ನೆಲ್ಲ ಕಂಗೆಡಿಸಿದ ಮಾರಿಸ್ ಹುಳು ಹೊಕ್ಕ ಬಾಗಿಲುಗಳಲ್ಲಿ ಅದೂ ಒಂದು. ಪೋಸ್ಟ್‌ಫಿಕ್ಸಿನಲ್ಲಿ ದೊಡ್ಡ ಅಂಚೆಕಚೇರಿಯಂತೆ ಕೆಲಸ ಹಂಚಿಹೋಗಿದೆ. ಬಾಗಿಲಿನಲ್ಲಿ ಪತ್ರ ತೆಗೆದುಕೊಳ್ಳುವವನು ಒಬ್ಬ, ಅದನ್ನು ಒರಸಿ ಒಪ್ಪ ಮಾಡಿ ವಿಳಾಸ ತಿದ್ದುವವನು ಇನ್ನೊಬ್ಬ, ಅವನ ಹೆಸರೇ ಕ್ಲೀನಪ್, ಸರದಿಯನ್ನು ಕಾಯುವವನು ಮತ್ತೊಬ್ಬ, ಕೊನೆಗೆ ಬಟವಾಡೆಯವರು. ಒಬ್ಬನ ಕೋಣೆಗೆ ಕಳ್ಳ ನುಗ್ಗಿದರೂ ಉಳಿದ ಕೋಣೆಗಳ ಬೀಗದ ಕೈ ಅವನಿಗೆ ಸಿಗುವುದಿಲ್ಲ.

ತಿದ್ದುವವನ ಬಳಿ ಕೆಲವು ಪಟ್ಟಿಗಳಿರುತ್ತವೆ. ಪ್ರತಿ ಸಾಲಿನಲ್ಲಿ ಎಡಗಡೆ ಬಂದ ವಿಳಾಸ, ಬಲಗಡೆ ಆಗಬೇಕಾದ ವಿಳಾಸ. ಹೊಸಬನಿಗೆ ಎಲ್ಲ ಪಟ್ಟಿಗಳೂ ಒಂದೇ ತರಹ ಕಾಣುತ್ತವೆ; ಆದರೆ ಯಾವ ಪಟ್ಟಿ ಲಕೋಟೆಯನ್ನು ಮುಟ್ಟುತ್ತದೆ, ಯಾವುದು ಕಾಗದವನ್ನೂ ಮುಟ್ಟುತ್ತದೆ ಎಂಬುದೇ ಮುಖ್ಯವಾದ ಭೇದ.

ಕೆನಾನಿಕಲ್ ಎಂಬ ಪಟ್ಟಿ ಎರಡನ್ನೂ ತಿದ್ದುತ್ತದೆ. ಯಂತ್ರದೊಳಗೆ ಒಬ್ಬರ ಹೆಸರು ‘ಯು07’ ಎಂದಿದ್ದು, ಹೊರಗೆ ಹೋಗುವಾಗ ಪೂರ್ತಿ ಹೆಸರು ಕಾಣಬೇಕಾದರೆ ಇದು ಬೇಕು. ಬರೆದವರ ಹೆಸರೇ ಬದಲಾಗುವುದರಿಂದ ಇದನ್ನು ನಮ್ಮ ಮನೆಯವರ ಪತ್ರಗಳಿಗೆ ಮಾತ್ರ ಬಳಸುವುದು ನ್ಯಾಯ. ಪೋಸ್ಟ್‌ಫಿಕ್ಸ್ ಕೂಡ ನಾವು ಬೇರೆಯಾಗಿ ಹೇಳದ ಹೊರತು ಹೊರಗಿನವರಿಂದ ಬಂದ ಪತ್ರದ ಒಳಗಿನ ತಲೆಬರಹಗಳನ್ನು ತಿದ್ದುವುದಿಲ್ಲ. ಮ್ಯಾಸ್ಕರೇಡ್ ಎಂಬ ಇನ್ನೊಂದು ಏರ್ಪಾಡು ಒಳಯಂತ್ರಗಳ ಹೆಸರನ್ನು ಅಳಿಸಿ ಸಂಸ್ಥೆಯ ಹೆಸರನ್ನಷ್ಟೇ ಉಳಿಸುತ್ತದೆ. ಅದು ಲಕೋಟೆಯ ಮೇಲಿನ ‘ಗೆ’ ವಿಳಾಸವನ್ನು ಮಾತ್ರ ಬಿಟ್ಟುಬಿಡುತ್ತದೆ. ಅದನ್ನೂ ಅಳಿಸಿದರೆ ಒಳಯಂತ್ರಕ್ಕೇ ಹೋಗಬೇಕಾದ ಪತ್ರ ಅಲ್ಲಿಗೆ ಹೋಗುವುದು ಹೇಗೆ? ಇಷ್ಟು ಚಿಕ್ಕ ವಿಷಯದಲ್ಲಿಯೂ ವಿವೇಚನೆ ಇದೆಯಲ್ಲ ಎಂದು ಮೆಚ್ಚಿಕೊಂಡೆ.

ವರ್ಚುಯಲ್ ಏಲಿಯಾಸ್ ಎಂಬ ಪಟ್ಟಿ ನಮ್ಮ ಹಳ್ಳಿಯ ಅಂಚೆಯವರ ಕೆಲಸವನ್ನೇ ಮಾಡುತ್ತದೆ: ಲಕೋಟೆಯ ಮೇಲಿನ ‘ಗೆ’ ವಿಳಾಸವನ್ನು ಮಾತ್ರ ಬದಲಾಯಿಸುತ್ತದೆ. ಕಾಗದದೊಳಗೆ ‘ಕಾರ್ಯದರ್ಶಿಗಳಿಗೆ’ ಎಂದೇ ಇರುತ್ತದೆ. ಪತ್ರ ಮಾತ್ರ ಈ ವರ್ಷದ ಕಾರ್ಯದರ್ಶಿಯ ಪೆಟ್ಟಿಗೆಗೆ ಬೀಳುತ್ತದೆ. ಒಂದು ವಿಳಾಸಕ್ಕೆ ಬಲಗಡೆಯಲ್ಲಿ ಹಲವು ವಿಳಾಸಗಳನ್ನು ಬರೆಯಬಹುದು. ಬಲಗಡೆ ಬಂದುದನ್ನು ಮತ್ತೆ ಎಡಗಡೆಯಲ್ಲಿ ಹುಡುಕುತ್ತದೆ. ಹೀಗೆ ಬದಲಾಗದ ವಿಳಾಸ ಸಿಕ್ಕುವವರೆಗೆ ಮಾಡುತ್ತದೆ. ಏಲಿಯಾಸ್ ಎಂಬ ಹೆಸರಿನ ಬೇರೊಂದು ಹಳೆಯ ಪಟ್ಟಿಯೂ ಉಂಟು. ಅದು ಆ ಯಂತ್ರದಲ್ಲಿಯೇ ಇರುವ ಪೆಟ್ಟಿಗೆಗಳಿಗೆ ಬಟವಾಡೆ ಮಾಡುವವನ ಕೈಯಲ್ಲಿರುವುದು. ಪೋಸ್ಟ್‌ಮಾಸ್ಟರ್ ಎಂಬ ಹೆಸರನ್ನು ಸಾಮಾನ್ಯವಾಗಿ ಅಲ್ಲಿಯೇ ಬರೆದಿಡುತ್ತಾರೆ. ಪತ್ರ ಸ್ವೀಕರಿಸುವ ಪ್ರತಿಯೊಂದು ಸರ್ವರಿನಲ್ಲಿಯೂ ಪೋಸ್ಟ್‌ಮಾಸ್ಟರ್ ಎಂಬ ವಿಳಾಸ ಇರಲೇಬೇಕೆಂಬುದು ನಿಯಮ. ದೂರು ಹೇಳಿಕೊಳ್ಳಲು ಒಂದು ಕಿಟಕಿ ಬೇಕಷ್ಟೆ?

ರಿಲೊಕೇಟೆಡ್ ಎಂಬ ಪಟ್ಟಿ ನನಗೆ ಬಹಳ ಹಿಡಿಸಿತು. ಇದು ಪತ್ರವನ್ನು ಮುಂದಕ್ಕೆ ಕಳುಹಿಸುವುದಿಲ್ಲ. ‘ಅವರು ಇಲ್ಲಿಲ್ಲ, ಇಂಥ ವಿಳಾಸಕ್ಕೆ ಹೋಗಿದ್ದಾರೆ’ ಎಂದು ಬಾಗಿಲಿನಲ್ಲಿಯೇ ಹೇಳಿ ವಾಪಸು ಮಾಡುತ್ತದೆ. ಕೊನೆಗೆ, ಟ್ರಾನ್ಸ್‌ಪೋರ್ಟ್ ಎಂಬ ಪಟ್ಟಿ ವಿಳಾಸವನ್ನು ಮುಟ್ಟುವುದೇ ಇಲ್ಲ; ಈ ಡೊಮೈನಿನ ಪತ್ರ ಯಾರ ಕೈಗೆ, ಯಾವ ಯಂತ್ರಕ್ಕೆ ಹೋಗಬೇಕು ಎಂಬುದನ್ನು ಮಾತ್ರ ಹೇಳುತ್ತದೆ. ವಿಳಾಸ ತಿದ್ದುವುದೂ ದಾರಿ ತೋರಿಸುವುದೂ ಬೇರೆ ಬೇರೆ ಎಂಬುದು ಹೊಸಬರಿಗೆ ತಲೆಗೆ ಹತ್ತಲು ಒಂದು ವಾರ ಬೇಕು.

ಈಗ ನನ್ನ ತಪ್ಪಿಗೆ ಬರೋಣ. ಎರಡು ವರ್ಷಗಳ ಹಿಂದೆ ಸಂಸ್ಥೆ ತನ್ನ ಹೆಸರನ್ನು ಬದಲಾಯಿಸಿತು, ಡೊಮೈನೂ ಬದಲಾಯಿತು. ಹಳೆಯ ವಿಳಾಸಕ್ಕೆ ಬರುವ ಪತ್ರಗಳು ಹೊಸದಕ್ಕೆ ಸೇರಬೇಕು. ಒಟ್ಟು ಹದಿನೇಳು ವಿಳಾಸಗಳಿದ್ದುವು. ಹದಿನೇಳು ಸಾಲು ಬರೆಯುವುದೇಕೆಂದು ಕೈಪಿಡಿಯಲ್ಲಿ ಕಂಡ ಒಂದು ಸುಲಭೋಪಾಯವನ್ನು ಹಿಡಿದೆ. ಹೆಸರೇ ಇಲ್ಲದೆ @ ಚಿಹ್ನೆಯಿಂದ ಆರಂಭಿಸಿ ಎಡಗಡೆ ಹಳೆಯ ಡೊಮೈನನ್ನೂ ಬಲಗಡೆ ಹೊಸ ಡೊಮೈನನ್ನೂ ಬರೆದರೆ, ಯಾವ ಹೆಸರಿದ್ದರೂ ಹಾಗೆಯೇ ಹೊಸದಕ್ಕೆ ತಿರುಗುತ್ತದೆ. ಒಂದೇ ಸಾಲಿನಲ್ಲಿ ಕೆಲಸ ಮುಗಿಯಿತು. ಪರೀಕ್ಷಿಸಿದೆ, ಸರಿಯಾಗಿ ನಡೆಯಿತು. ಸಂತೋಷಪಟ್ಟೆ.

ಆದರೆ ಬಾಗಿಲಿನವನು ಯಾರನ್ನು ಒಪ್ಪಬೇಕು, ಯಾರನ್ನು ತಿರಸ್ಕರಿಸಬೇಕು ಎಂದು ತಿಳಿಯುವುದು ಇದೇ ಪಟ್ಟಿಗಳಿಂದ. ಪಟ್ಟಿಯಲ್ಲಿ ಸಿಕ್ಕಿದ ವಿಳಾಸವೆಲ್ಲ ಅವನ ಪಾಲಿಗೆ ನಿಜವಾದ ವಿಳಾಸ. ನನ್ನ ಆ ಒಂದು ಸಾಲಿನಿಂದಾಗಿ ಹಳೆಯ ಡೊಮೈನಿನ ಮುಂದೆ ಏನು ಗೀಚಿದ್ದರೂ ಸಿಕ್ಕಿದಂತೆಯೇ. ಅವನು ಎಲ್ಲಕ್ಕೂ 250 ಎಂದ. ಒಳಗೆ ಹೋದ ಮೇಲೆ ‘ಇಂಥವರು ಯಾರೂ ಇಲ್ಲ’ ಎಂದು ತಿಳಿದಾಗ, ಕೊಟ್ಟ ಮಾತಿನಂತೆ ಬರೆದವರಿಗೆ ವಾಪಸು ಕಳುಹಿಸಬೇಕಾಯಿತು. ಕಸದ ಪತ್ರಗಳನ್ನು ಕಳುಹಿಸುವವರು ತಮ್ಮ ಹೆಸರು ಹಾಕುತ್ತಾರೆಯೇ? ಲಕೋಟೆಯ ಮೇಲೆ ಯಾರೋ ನಿರಪರಾಧಿಯ ಹೆಸರಿರುತ್ತದೆ. ನಮ್ಮ ಸರ್ವರು ದಿನವೂ ಕಂಡಕಂಡವರಿಗೆ, ಅವರು ಬರೆಯದೇ ಇದ್ದ ಪತ್ರಗಳನ್ನು ವಾಪಸು ಮಾಡತೊಡಗಿತು. ಎರಡು ಮೂರು ವಾರಗಳಲ್ಲಿ ದೊಡ್ಡ ಕಂಪನಿಗಳ ಸರ್ವರುಗಳು ನಮ್ಮನ್ನೇ ಕಸ ಕಳುಹಿಸುವವರ ಸಾಲಿಗೆ ಸೇರಿಸಿ, ನಮ್ಮ ನಿಜವಾದ ಪತ್ರಗಳನ್ನೂ ತಿರಸ್ಕರಿಸಿದುವು.

ಇದನ್ನು ಕಂಡು ಹೆದರಿದ ನಾನು ವಾಪಸಾತಿಯನ್ನು ನಿಲ್ಲಿಸುವುದಕ್ಕಾಗಿ ಇನ್ನೊಂದು ಸಾಲನ್ನು ಸೇರಿಸಿದೆ: ಹೊಸ ಡೊಮೈನಿನಲ್ಲಿ ಯಾರದೆಂದು ಗೊತ್ತಾಗದ ಪತ್ರವೆಲ್ಲ ‘ಇತರೆ’ ಎಂಬ ಒಂದು ಪೆಟ್ಟಿಗೆಗೆ ಬೀಳಲಿ. ಇಲ್ಲಿ ಒಂದು ಮಾತು. ಇಂಥ ಸಾಲನ್ನು ಬರೆಯುವಾಗ ಇರುವ ಹೆಸರುಗಳನ್ನೆಲ್ಲ ಒಂದೊಂದಾಗಿ ಮೊದಲು ಬರೆಯದಿದ್ದರೆ ಇದ್ದವರ ಪತ್ರಗಳೂ ಆ ಪೆಟ್ಟಿಗೆಗೇ ಬೀಳುತ್ತವೆ. ಅರ್ಧ ಗಂಟೆಯ ಕಾಲ ಕಾರ್ಯದರ್ಶಿಗಳ ಪತ್ರಗಳೂ ಹಾಗೆ ಬಿದ್ದ ಮೇಲೆ ಅದನ್ನು ಕಲಿತೆ. ಅದಿರಲಿ. ವಾಪಸಾತಿ ನಿಂತಿತು, ದೊಡ್ಡ ಕಂಪನಿಗಳೂ ಕ್ರಮೇಣ ಕ್ಷಮಿಸಿದುವು. ‘ಇತರೆ’ ಪೆಟ್ಟಿಗೆಯನ್ನು ನಾಲ್ಕು ದಿನ ತೆರೆದು ನೋಡಿದೆ; ಬರಿಯ ಕಸ. ಐದನೆಯ ದಿನದಿಂದ ನೋಡಲಿಲ್ಲ.

ಆ ವರ್ಷ ಅರ್ಜಿಗಳಿಗೆ ಕೊನೆಯ ದಿನ ಕಳೆದು ಹನ್ನೆರಡು ದಿನಗಳಾದ ಮೇಲೆ ಒಬ್ಬ ಹುಡುಗಿ ತನ್ನ ತಂದೆಯೊಡನೆ ಕಚೇರಿಗೆ ಬಂದಳು. ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ.

“ಅರ್ಜಿ ಬಂದಿಲ್ಲಮ್ಮ, ಎರಡು ಸಲ ನೋಡಿದೀವಿ,” ಎಂದರು ಕಾರ್ಯದರ್ಶಿಗಳು.

“ಕಳ್ಸಿದ್ದೆ ಸಾರ್. ವಾಪಸ್ ಏನೂ ಬರ್ಲಿಲ್ಲ,” ಎಂದಳು. ಅವಳ ತಂದೆ ಏನೂ ಹೇಳದೆ ಟವಲನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಕಳುಹಿಸಿದ ಪ್ರತಿ ಅವಳ ಫೋನಿನಲ್ಲಿತ್ತು. ವಿಳಾಸವನ್ನು ನೋಡಿದೆ. ಸ್ಕಾಲರ್‌ಶಿಪ್ ಎಂಬ ಇಂಗ್ಲಿಷ್ ಮಾತಿನಲ್ಲಿ ಎರಡನೆಯ ‘ಎ’ ಅಕ್ಷರವಿರಬೇಕಾದಲ್ಲಿ ‘ಇ’ ಇತ್ತು. ‘ಎರಡನೆಯ ಎ’ ಎನ್ನುವುದೂ ತಪ್ಪು. ಆ ಮಾತಿನಲ್ಲಿ ಇರುವುದೇ ಒಂದು ‘ಎ’. ನೋಡಿ, ಅದನ್ನು ಬರೆಯುವಾಗ ನಾನು ಇಂದಿಗೂ ಒಂದು ಕ್ಷಣ ನಿಲ್ಲುತ್ತೇನೆ. ನಮ್ಮ ಮನೆಯಲ್ಲಿ ಆ ಮಾತನ್ನು ಮೊದಲು ಬರೆದವನು ನಾನೇ. ಅವರ ಮನೆಯಲ್ಲಿ ಅವಳೇ ಇರಬೇಕು.

ಸರ್ವರು ತಾನು ಮಾಡಿದ್ದನ್ನೆಲ್ಲ ಲಾಗ್ ಎಂಬ ದಿನಚರಿಯಲ್ಲಿ ಬರೆದಿಡುತ್ತದೆ. ವಿಳಾಸವನ್ನು ತಿದ್ದಿದ್ದರೆ ತಿದ್ದಿದ ವಿಳಾಸದ ಪಕ್ಕದಲ್ಲಿ ಮೂಲ ವಿಳಾಸವನ್ನೂ ಬರೆಯುತ್ತದೆ. ಹುಡುಕಿದೆ. ಕೊನೆಯ ದಿನಕ್ಕೆ ಎರಡು ದಿನ ಮೊದಲು, ರಾತ್ರಿ ಹತ್ತು ಗಂಟೆಯ ಹೊತ್ತಿಗೆ ಅವಳ ಪತ್ರ ಬಂದಿತ್ತು. ಮೂಲ ವಿಳಾಸ ಅವಳು ಬರೆದದ್ದು, ಸೇರಿದ್ದು ‘ಇತರೆ’ ಪೆಟ್ಟಿಗೆಗೆ, ಸ್ಥಿತಿ: ತಲಪಿದೆ. ಯಂತ್ರದ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿತ್ತು. ಪೆಟ್ಟಿಗೆಯನ್ನು ತೆರೆದು ಪೂರ್ತಿ ಜಾಲಾಡಿದಾಗ ಕಸದ ನಡುವೆ ಇನ್ನೂ ಎರಡು ಅರ್ಜಿಗಳು ಸಿಕ್ಕಿದುವು. ದಿನಚರಿಯ ಆ ಸಾಲುಗಳನ್ನು ಅಚ್ಚು ಮಾಡಿ ಕಾರ್ಯದರ್ಶಿಗಳ ಮುಂದಿಟ್ಟು, ತಪ್ಪು ನನ್ನದೆಂದು ಹೇಳಿದೆ. ಅವರು ಸಮಿತಿಯ ಮುಂದೆ ವಿಷಯವನ್ನು ತಂದರು. ಅರ್ಜಿಗಳು ಕಾಲಕ್ಕೆ ಸರಿಯಾಗಿ ಬಂದುವೆಂದೇ ಸಮಿತಿ ಒಪ್ಪಿತು. ಹುಡುಗಿಗೂ ಇನ್ನೊಬ್ಬನಿಗೂ ಹಣ ಸಿಕ್ಕಿತು. ಮೂರನೆಯವನಿಗೆ ಫೋನು ಮಾಡಿದಾಗ ಅವನು ಕಾಲೇಜು ಬಿಟ್ಟು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿಯಾಗಿತ್ತು.

ನಾನು ಆ ಸಾಲುಗಳನ್ನು ಬರೆಯದೆ ಇದ್ದಿದ್ದರೆ ಏನಾಗುತ್ತಿತ್ತು? ಬಾಗಿಲಿನವನು ಅವಳ ಪತ್ರಕ್ಕೆ 550 ಎನ್ನುತ್ತಿದ್ದ. ಪತ್ರವಿನ್ನೂ ಕಳುಹಿಸಿದ ಸರ್ವರಿನ ಕೈಯಲ್ಲಿಯೇ ಇರುತ್ತಿತ್ತು. ಅದು ಒಂದೆರಡು ನಿಮಿಷಗಳಲ್ಲಿ ‘ಇಂಥ ವಿಳಾಸ ಇಲ್ಲ’ ಎಂದು ಅವಳಿಗೆ ತಿಳಿಸುತ್ತಿತ್ತು. ಅವಳಿಗೆ ಇನ್ನೂ ಎರಡು ದಿನಗಳಿದ್ದುವು. ಕಸದ ಪತ್ರಕ್ಕೂ ಬಾಗಿಲಿನಲ್ಲಿಯೇ 550 ಎಂದರೆ ಅದು ಯಾವ ನಿರಪರಾಧಿಯ ಮನೆಗೂ ನಮ್ಮಿಂದ ಹೋಗುತ್ತಿರಲಿಲ್ಲ. ತಿರಸ್ಕಾರವೆಂದರೆ ಒರಟುತನವೆಂದೂ ಎಲ್ಲವನ್ನೂ ಒಪ್ಪಿಕೊಳ್ಳುವುದು ಔದಾರ್ಯವೆಂದೂ ನಾನು ಎಣಿಸಿದ್ದೆ. ಅಂಚೆಯ ಬಾಗಿಲಿನಲ್ಲಿ ಅದು ತಲೆಕೆಳಗು.

ಅಂದು ರಾತ್ರಿಯೇ ಎರಡು ಸಾಲುಗಳನ್ನೂ ಅಳಿಸಿ, ಹಳೆಯ ಡೊಮೈನಿನ ಹದಿನೇಳು ವಿಳಾಸಗಳನ್ನು ಹದಿನೇಳು ಸಾಲುಗಳಲ್ಲಿ ಬರೆದೆ. ಹಳೆಯ ಡೊಮೈನನ್ನು ವರ್ಚುಯಲ್ ಏಲಿಯಾಸ್ ಡೊಮೈನ್ ಎಂದು ಘೋಷಿಸಿದೆ. ಹೀಗೆ ಘೋಷಿಸಿದುದನ್ನು ಯಂತ್ರದ ಸ್ವಂತ ಡೊಮೈನುಗಳ ಸಾಲಿನಲ್ಲಿಯೂ ಬರೆಯಬಾರದು. ಬರೆದರೆ ಪೋಸ್ಟ್‌ಫಿಕ್ಸ್ ದಿನಚರಿಯಲ್ಲಿ ಎಚ್ಚರಿಕೆ ಕೊಡುತ್ತದೆ. ಪಟ್ಟಿಯನ್ನು ತಿದ್ದಿದ ಮೇಲೆ ಪೋಸ್ಟ್‌ಮ್ಯಾಪ್ ಎಂಬ ಆಜ್ಞೆಯಿಂದ ಅದನ್ನು ಯಂತ್ರ ಓದುವ ರೂಪಕ್ಕೆ ತರಬೇಕು. ಇದನ್ನು ಮರೆತು, ಪಟ್ಟಿ ಸರಿಯಿದ್ದರೂ ಏಕೆ ನಡೆಯುವುದಿಲ್ಲವೆಂದು ತಲೆ ಕೆರೆದುಕೊಳ್ಳದವರು ಈ ಕಸುಬಿನಲ್ಲಿ ಇರಲಾರರು. ಅದೇ ಆಜ್ಞೆಯಿಂದ, ಒಂದು ವಿಳಾಸ ಏನಾಗಿ ತಿರುಗುತ್ತದೆ ಎಂದು ಕೇಳಿಯೂ ನೋಡಬಹುದು. ಇರುವ ವಿಳಾಸವನ್ನಷ್ಟೇ ಅಲ್ಲದೆ ಇಲ್ಲದ ವಿಳಾಸವನ್ನೂ ಕೇಳಿ ನೋಡಬೇಕು. ಉತ್ತರ ಬರದೆ ಇರುವುದೇ ಅಲ್ಲಿ ಸರಿಯಾದ ಉತ್ತರ. ಮೊದಲ ಸಲ ನಾನು ಇರುವ ವಿಳಾಸಗಳನ್ನು ಮಾತ್ರ ಪರೀಕ್ಷಿಸಿ ಎದ್ದುಹೋಗಿದ್ದೆ.

ಬಟವಾಡೆಯ ವಿಷಯ ಹೇಳದಿದ್ದರೆ ಲೇಖನ ಅರ್ಧವಾದೀತು. ಪತ್ರ ಬೇರೆ ಸರ್ವರಿಗೆ ಹೋಗಬೇಕಾಗಿದ್ದು ಆ ಸರ್ವರು ಸಿಗದಿದ್ದರೆ ನಮ್ಮದು ಅದನ್ನು ಸರದಿಯಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಪೋಸ್ಟ್‌ಫಿಕ್ಸಿನಲ್ಲಿ ಈ ಅಂತರ ಮೊದಲು 300 ಸೆಕೆಂಡು. ತಡವಾದಷ್ಟೂ ಹೆಚ್ಚುತ್ತ 4000 ಸೆಕೆಂಡಿನವರೆಗೆ ಹೋಗುತ್ತದೆ. 5 ದಿನಗಳಾದರೂ ಆಗದಿದ್ದರೆ ಬರೆದವರಿಗೆ ವಾಪಸು. ಈ ವಾಪಸು ಪತ್ರದ ಲಕೋಟೆಯ ಮೇಲೆ ‘ಇಂದ’ ಎಂಬಲ್ಲಿ ಏನನ್ನೂ ಬರೆಯುವುದಿಲ್ಲ. ಬರೆದರೆ, ಅದೂ ಮುಟ್ಟದೆ ಹೋದಾಗ ವಾಪಸಿಗೆ ವಾಪಸು ಬಂದು, ಎರಡು ಸರ್ವರುಗಳು ಕೊನೆಯಿಲ್ಲದೆ ಒಂದಕ್ಕೊಂದು ಕ್ಷಮೆ ಕೇಳುತ್ತ ಕೂರುತ್ತವೆ.

ಪತ್ರ ನಮ್ಮ ಯಂತ್ರದಲ್ಲಿಯೇ ಇರುವವರಿಗಾದರೆ ಪೆಟ್ಟಿಗೆಗೆ ಹಾಕಬೇಕು. ಹಳೆಯ ಕ್ರಮದಲ್ಲಿ ಒಬ್ಬರ ಪತ್ರಗಳೆಲ್ಲ ಒಂದೇ ಉದ್ದನೆಯ ಕಡತ. ಹೊಸದನ್ನು ಕೊನೆಗೆ ಅಂಟಿಸುತ್ತಾರೆ. ಅಂಟಿಸುವಾಗ ಕರೆಂಟು ಹೋದರೆ, ಅಥವಾ ಇಬ್ಬರು ಒಮ್ಮೆಗೇ ಅಂಟಿಸಹೊರಟರೆ ಕಷ್ಟ. ಡೇನಿಯಲ್ ಬರ್ನ್‌ಸ್ಟೈನ್ ಎಂಬ ಗಣಿತಜ್ಞರು ತಮ್ಮ ಕ್ಯೂಮೇಲ್ ತಂತ್ರಾಂಶಕ್ಕಾಗಿ ಮೇಲ್‌ಡಿರ್ ಎಂಬ ಬೇರೊಂದು ಕ್ರಮವನ್ನು ಕಂಡುಹಿಡಿದರು. ಪೆಟ್ಟಿಗೆಯೆಂದರೆ ಮೂರು ಖಾನೆಗಳು: ತಾತ್ಕಾಲಿಕ, ಹೊಸದು, ನೋಡಿದ್ದು. ಪ್ರತಿ ಪತ್ರಕ್ಕೂ ಬೇರೆ ಕಡತ. ಮೊದಲು ತಾತ್ಕಾಲಿಕ ಖಾನೆಯಲ್ಲಿ ಪೂರ್ತಿ ಬರೆದು, ಆಮೇಲೆ ಒಂದೇ ಏಟಿಗೆ ಹೊಸದರ ಖಾನೆಗೆ ಸರಿಸುತ್ತಾರೆ. ನಡುವೆ ಕರೆಂಟು ಹೋದರೂ ಅರ್ಧ ಪತ್ರ ಓದುವವರ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಕಚೇರಿಯಲ್ಲಿ ಇರುವುದು ಇದೇ.

ಪತ್ರವನ್ನು ಹೊರಗಿನ ಖಾಸಗಿ ವಿಳಾಸಕ್ಕೆ ದಾಟಿಸುವವರು ಇನ್ನೊಂದು ಎಚ್ಚರ ವಹಿಸಬೇಕು. ಒಂದು ಡೊಮೈನಿನ ಪತ್ರಗಳನ್ನು ಯಾವ ಯಂತ್ರಗಳು ಕಳುಹಿಸಬಹುದು ಎಂದು ಘೋಷಿಸುವ ಎಸ್‌ಪಿಎಫ್ ಎಂಬ ಪದ್ಧತಿ ಈಗ ಬಳಕೆಯಲ್ಲಿದೆ. ಅದರ ಈಗಿನ ನಿಯಮ 2014ರದು. ನಾವು ‘ಗೆ’ ವಿಳಾಸವನ್ನು ಮಾತ್ರ ತಿದ್ದಿ ‘ಇಂದ’ ವಿಳಾಸವನ್ನು ಹಾಗೆಯೇ ಬಿಟ್ಟು ದಾಟಿಸಿದರೆ, ಆಚೆಯವರ ಕಣ್ಣಿಗೆ ನಾವು ಇನ್ನೊಬ್ಬರ ಹೆಸರಿನಲ್ಲಿ ಪತ್ರ ತಂದವರಂತೆ ಕಾಣುತ್ತೇವೆ. ಲಕೋಟೆಯ ‘ಇಂದ’ ವಿಳಾಸವನ್ನೂ ನಮ್ಮ ಡೊಮೈನಿಗೆ ತಿದ್ದಿ, ವಾಪಸು ಬಂದರೆ ಮೂಲದವರಿಗೆ ಮುಟ್ಟಿಸುವ ಎಸ್‌ಆರ್‌ಎಸ್ ಎಂಬ ಉಪಾಯವಿದೆ. ನಾವು ಅದರ ಗೋಜಿಗೆ ಹೋಗದೆ, ಕಾರ್ಯದರ್ಶಿಗಳು ಸಂಸ್ಥೆಯ ಪೆಟ್ಟಿಗೆಯನ್ನೇ ತೆರೆದು ಓದಬೇಕೆಂದು ಮಾಡಿದೆವು. ಅವರು ಸ್ವಲ್ಪ ಗೊಣಗಿದರು.

ವಿಳಾಸವೇ ಕನ್ನಡದಲ್ಲಿದ್ದಿದ್ದರೆ ಅವಳು ತಪ್ಪುತ್ತಿರಲಿಲ್ಲವಲ್ಲ ಎಂದು ಆಮೇಲೆ ಅನಿಸಿತು. ‘ವಿದ್ಯಾರ್ಥಿವೇತನ’ ಎಂಬ ಮಾತನ್ನು ತಪ್ಪಾಗಿ ಬರೆಯುವವರು ನಮ್ಮಲ್ಲಿ ಕಡಮೆ. ಇದು ಅಸಾಧ್ಯವೇನೂ ಅಲ್ಲ. ಕನ್ನಡ ಲಿಪಿಯ ‘.ಭಾರತ’ ಎಂಬ ಡೊಮೈನು ಉಂಟು. @ ಚಿಹ್ನೆಯ ಎಡಗಡೆಯಲ್ಲಿಯೂ ಇಂಗ್ಲಿಷಲ್ಲದ ಅಕ್ಷರಗಳು ಬರಬಹುದೆಂದು 2012ರಲ್ಲಿ ನಿಯಮವಾಯಿತು. ಪೋಸ್ಟ್‌ಫಿಕ್ಸ್ 2015ರಲ್ಲಿ ಅದನ್ನು ಅಳವಡಿಸಿಕೊಂಡಿತು. ತೊಡಕು ಏನೆಂದರೆ, ಡೊಮೈನಿನ ಭಾಗಕ್ಕೆ ಇಂಗ್ಲಿಷ್ ಅಕ್ಷರಗಳ ಒಂದು ಗುಪ್ತರೂಪ ಇದೆ, ಹಳೆಯ ಸರ್ವರುಗಳೂ ಅದನ್ನು ಅರಿಯುತ್ತವೆ. ಎಡಗಡೆಯ ಹೆಸರಿಗೆ ಅಂಥ ರೂಪವಿಲ್ಲ. ದಾರಿಯಲ್ಲಿರುವ ಒಂದು ಸರ್ವರು ಹೊಸ ನಿಯಮವನ್ನು ಕಲಿಯದಿದ್ದರೂ ಪತ್ರ ಅಲ್ಲಿಂದಲೇ ವಾಪಸು. ಆದುದರಿಂದ ಕನ್ನಡ ವಿಳಾಸವನ್ನು ಇಟ್ಟರೂ ಅದರ ಜೊತೆಗೆ ಇಂಗ್ಲಿಷಿನದೊಂದನ್ನು ಇಟ್ಟು, ಎರಡೂ ಒಂದೇ ಪೆಟ್ಟಿಗೆಗೆ ಸೇರುವಂತೆ ಪಟ್ಟಿಯಲ್ಲಿ ಬರೆಯಬೇಕು.

ಸದ್ಯಕ್ಕೆ ನಾನು ಮಾಡಿರುವುದು ಇಷ್ಟು. ಹಳೆಯ ಅರ್ಜಿಗಳನ್ನೂ ‘ಇತರೆ’ ಪೆಟ್ಟಿಗೆಯನ್ನೂ ತಿರುವಿ, ಆ ಇಂಗ್ಲಿಷ್ ಮಾತನ್ನು ನಮ್ಮ ಕಡೆಯ ಹುಡುಗ ಹುಡುಗಿಯರು ಎಷ್ಟು ಬಗೆಯಲ್ಲಿ ಬರೆಯುತ್ತಾರೆಂದು ನೋಡಿದೆ. ಐದು ಬಗೆಗಳು ಸಿಕ್ಕಿದುವು. ಐದನ್ನೂ ಐದು ಸಾಲುಗಳಾಗಿ ಪಟ್ಟಿಯಲ್ಲಿ ಸೇರಿಸಿ, ಬಲಗಡೆಯಲ್ಲಿ ಸರಿಯಾದ ವಿಳಾಸವನ್ನು ಬರೆದಿದ್ದೇನೆ. ಆರನೆಯ ಬಗೆಯಲ್ಲಿ ಬರೆದವರಿಗೆ ಬಾಗಿಲಿನಲ್ಲಿಯೇ 550 ಸಿಗುತ್ತದೆ. ಹೋದ ತಿಂಗಳು ದಿನಚರಿಯನ್ನು ನೋಡುವಾಗ, ಮೂರನೆಯ ಸಾಲಿನ ಮೂಲಕ ಒಂದು ಅರ್ಜಿ ಬಂದು ಸರಿಯಾದ ಪೆಟ್ಟಿಗೆಯನ್ನು ಸೇರಿತ್ತು.